ನೂರರವತ್ತು ಗಜದ ಪ್ರಶ್ನೆ

ನಡುವಯಸ್ಸು ದಾಟಿದ ಗಾಲ್ಫ್ ಆಟಗಾರನ ಬ್ಯಾಗಿನಲ್ಲಿ ಒಂದು ಕ್ಲಬ್ಬು ಮಾತ್ರ ಕೊಂಡ ದಿನದ ಹೊಳಪನ್ನು ಹಾಗೇ ಉಳಿಸಿಕೊಂಡಿರುತ್ತದೆ. ಮಿಕ್ಕವುಗಳ ತಳ ಸವೆದಿರುತ್ತದೆ, ಮೈಮೇಲೆ ಗೀರು ಬಿದ್ದಿರುತ್ತದೆ, ಗ್ರಿಪ್ಪು ನುಣುಪಾಗಿರುತ್ತದೆ. ಈ ಪುಣ್ಯಾತ್ಮನಿಗೆ ಮಾತ್ರ ಏನೂ ಆಗಿರುವುದಿಲ್ಲ. ಅದು ಮೂರನೇ ನಂಬರಿನ ಐರನ್. ಕೆಲವರಲ್ಲಿ ನಾಲ್ಕನೆಯದು. "ಇದನ್ನು ಯಾವಾಗ ಹೊಡೀತೀರಿ?" ಎಂದು ಕೇಳಿದರೆ "ಗಾಳಿ ಇದ್ದಾಗ" ಎನ್ನುತ್ತಾರೆ. ಗಾಳಿ ಇದ್ದ ದಿನವೂ ಜೊತೆಗೆ ಆಡಿದ್ದೇನೆ. ಅವತ್ತೂ ಅದು ಹೊರಗೆ ಬರುವುದಿಲ್ಲ.

ಹಂಗಿಸಲು ಹೇಳುತ್ತಿಲ್ಲ. ಉದ್ದ ಐರನ್ ಹೊಡೆಯಲು ಬರುತ್ತದೆ ಎನ್ನುವುದು ಈ ಆಟದಲ್ಲಿ ಒಂದು ಬಿರುದು. ಬಿರುದನ್ನು ಯಾರೂ ತಾವಾಗಿ ಬಿಟ್ಟುಕೊಡುವುದಿಲ್ಲ. 1950ರಲ್ಲಿ ಬೆನ್ ಹೋಗನ್ ಮೆರಿಯನ್ ಮೈದಾನದಲ್ಲಿ ಯುಎಸ್ ಓಪನ್‌ನ ಕೊನೆಯ ಹೋಲ್‌ಗೆ ಒಂದನೇ ಐರನ್ ಬೀಸಿದ. ಕಾರಿಗೆ ಬಸ್ಸು ಅಪ್ಪಳಿಸಿ ಬದುಕುವುದೇ ಕಷ್ಟ ಎನ್ನಿಸಿಕೊಂಡಿದ್ದವನು ಅಷ್ಟರಲ್ಲಾಗಲೇ ಎದ್ದು ಬಂದಿದ್ದ. ಹಿಂದಿನಿಂದ ತೆಗೆದ ಆ ಹೊಡೆತದ ಫೋಟೊ ಇವತ್ತಿಗೂ ಗಾಲ್ಫ್ ಕ್ಲಬ್ಬುಗಳ ಗೋಡೆಗಳ ಮೇಲೆ ತೂಗುತ್ತದೆ. 1972ರಲ್ಲಿ ಜಾಕ್ ನಿಕ್ಲಾಸ್ ಪೆಬಲ್ ಬೀಚ್‌ನ ಹದಿನೇಳನೇ ಹೋಲ್‌ನಲ್ಲಿ ಅದೇ ಒಂದನೇ ಐರನ್ನಿನಿಂದ ಚೆಂಡನ್ನು ಬಾವುಟದ ಕಂಬಕ್ಕೇ ಬಡಿಸಿದ. ಇವನ್ನೆಲ್ಲ ನೋಡಿ ಬೆಳೆದವರು ಉದ್ದ ಐರನ್ನನ್ನು ಬಿಡು ಎಂದರೆ ಹೇಗೆ ಬಿಟ್ಟಾರು? ಲೀ ಟ್ರೆವಿನೊ ಹೆಸರಿನಲ್ಲಿ ಒಂದು ತಮಾಷೆ ಓಡಾಡುತ್ತದೆ: ಗುಡುಗು ಮಿಂಚು ಬಂದರೆ ಒಂದನೇ ಐರನ್ನನ್ನು ಮೇಲೆತ್ತಿ ಹಿಡಿಯಬೇಕಂತೆ, ಏಕೆಂದರೆ ದೇವರಿಗೂ ಅದನ್ನು ಹೊಡೆಯಲು ಬರುವುದಿಲ್ಲವಂತೆ. 1975ರಲ್ಲಿ ಅವನಿಗೆ ಮೈದಾನದಲ್ಲೇ ಸಿಡಿಲು ಬಡಿದಿತ್ತು. ಆದ್ದರಿಂದ ಆ ತಮಾಷೆ ಮಾಡುವ ಅಧಿಕಾರ ಅವನಿಗಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯಾಗಿನಲ್ಲಿ ಎರಡು ಕುಲ: ವುಡ್ ಮತ್ತು ಐರನ್. ವುಡ್‌ಗಳ ತಲೆ ದಪ್ಪ, ಹಿಡಿ ಉದ್ದ, ಚೆಂಡು ದೂರ. ಈಗ ಅವುಗಳಲ್ಲಿ ಕಟ್ಟಿಗೆ ಇಲ್ಲ, ಲೋಹವೇ. ಐರನ್‌ಗಳ ತಲೆ ಅಲಗಿನಂತೆ ತೆಳು. ನಂಬರು ಏರಿದಂತೆ ಹಿಡಿ ಗಿಡ್ಡವಾಗುತ್ತದೆ, ಮುಖ ಆಕಾಶ ನೋಡುತ್ತದೆ, ಚೆಂಡು ಎತ್ತರಕ್ಕೆ ಏರಿ ಹತ್ತಿರ ಬೀಳುತ್ತದೆ. ಮುಖ ಎಷ್ಟು ಹಿಂದಕ್ಕೆ ವಾಲಿದೆ ಎನ್ನುವ ಅಳತೆಗೆ ಲಾಫ್ಟ್ ಎನ್ನುತ್ತಾರೆ. ಮೂರನೇ ಐರನ್ನಿಗೆ ಅದು ಸುಮಾರು 20 ಡಿಗ್ರಿ. ಅಂದರೆ ಮುಖ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಅಷ್ಟು ನೆಟ್ಟಗಿನ ತೆಳು ಲೋಹದಿಂದ ಹುಲ್ಲಿನ ಮೇಲೆ ಕೂತ ಚೆಂಡನ್ನು ಗಾಳಿಗೆ ಏರಿಸಬೇಕಾದರೆ ಬೀಸುವ ವೇಗ ಬೇಕು. ಆ ವೇಗ ಇಪ್ಪತ್ತೈದರ ಹುಡುಗನ ತೋಳಿನಲ್ಲಿರುತ್ತದೆ. ನನ್ನದರಲ್ಲಿ ಇಲ್ಲ.

ನನ್ನಂಥವರ ನೆರವಿಗೆ ಈ ಎರಡು ಕುಲಗಳ ನಡುವೆ ಹುಟ್ಟಿದ ಕ್ಲಬ್ಬು ಹೈಬ್ರಿಡ್. ತಲೆ ಐರನ್ನಿಗಿಂತ ದಪ್ಪ, ವುಡ್‌ಗಿಂತ ಸಣ್ಣದು, ಒಳಗೆ ಟೊಳ್ಳು. ಉಳಿತಾಯವಾದ ಭಾರವನ್ನೆಲ್ಲ ತಳಕ್ಕೂ ಹಿಂದಕ್ಕೂ ತಳ್ಳಿ ಇಟ್ಟಿರುತ್ತಾರೆ. ಭಾರ ಚೆಂಡಿನ ನಡುವಿಗಿಂತ ಕೆಳಗೆ ಕೂರುವುದರಿಂದ ನಾವು ಎತ್ತಲು ಹೋಗದಿದ್ದರೂ ಚೆಂಡು ತಾನೇ ಏಳುತ್ತದೆ. ಮುಖದ ಲೋಹ ತೆಳುವಾಗಿ ಚಿಮ್ಮುವಂಥದ್ದು. ನಡುವಿಗೆ ತಾಗದೆ ಸ್ವಲ್ಪ ಅಂಚಿಗೆ ತಾಗಿದರೂ ಚೆಂಡು ಪೂರ್ತಿ ಸಾಯುವುದಿಲ್ಲ, ಮುಕ್ಕಾಲು ದಾರಿಯಾದರೂ ಹೋಗುತ್ತದೆ. ಹವ್ಯಾಸಿಗೆ ಬೇಕಾದದ್ದು ಈ ಮುಕ್ಕಾಲು ದಾರಿಯೇ. ದೂರದರ್ಶನದಲ್ಲಿ ಕಾಣುವವರು ತಮ್ಮ ಒಳ್ಳೆಯ ಹೊಡೆತಗಳಿಂದ ಗೆಲ್ಲುತ್ತಾರೆ, ನಮ್ಮಂಥವರು ಕೆಟ್ಟ ಹೊಡೆತಗಳು ಎಷ್ಟು ಕೆಡುತ್ತವೆ ಎನ್ನುವುದರ ಮೇಲೆ ಬದುಕುತ್ತೇವೆ.

ತಳದ ಮಾತು ಬೇರೆಯೇ ಹೇಳಬೇಕು. ಜುಲೈ ತಿಂಗಳ ಬೆಂಗಳೂರಿನ ಮೈದಾನವನ್ನು ನೆನೆಸಿಕೊಳ್ಳಿ. ರಾತ್ರಿಯೆಲ್ಲ ಜಿಟಿಜಿಟಿ ಹಿಡಿದು ಫೇರ್‌ವೇ ಪಕ್ಕದ ರಫ್‌ನಲ್ಲಿ ಹುಲ್ಲು ದಟ್ಟವಾಗಿ ಬೆಳೆದಿದೆ. ಚೆಂಡು ಎರಡು ಬೆರಳು ಕೆಳಗೆ ಕೂತು ಮೇಲೊಂದು ಬಿಳಿ ಚುಕ್ಕೆ ಮಾತ್ರ ಕಾಣಿಸುತ್ತಿದೆ. ಕ್ಯಾಡಿ ಬಗ್ಗಿ ನೋಡುತ್ತಾನೆ. ಕೈ ತಾಗಿಸಿ ಹುಲ್ಲು ಸರಿಸಿದರೆ ದಂಡ, ಅದಕ್ಕೇ ಕಣ್ಣಿನಲ್ಲೇ ಸರಿಸುತ್ತಾನೆ. ಇಲ್ಲಿ ಐರನ್ ಹಾಕಿದರೆ ಒದ್ದೆ ಹುಲ್ಲು ಅದರ ಕತ್ತಿಗೆ ಸುತ್ತಿಕೊಂಡು ಮುಖವನ್ನು ಎಡಕ್ಕೆ ತಿರುಚುತ್ತದೆ. ವುಡ್ ಹಾಕಿದರೆ ದೊಡ್ಡ ತಲೆ ಹುಲ್ಲಿನ ಮೇಲೆಯೇ ತೇಲಿ ಚೆಂಡಿನ ನೆತ್ತಿ ಸವರಿ ಹೋಗುತ್ತದೆ. ಹೈಬ್ರಿಡ್‌ನ ಬೆನ್ನು ದುಂಡಗಿರುವ ಅಗಲ ತಳ ಹುಲ್ಲನ್ನು ಎರಡೂ ಕಡೆಗೆ ಮಲಗಿಸಿ ಜಾರಿಕೊಂಡು ಒಳಗೆ ಇಳಿಯುತ್ತದೆ. ತಾಗಿದ ಕೂಡಲೇ ಒದ್ದೆ ಹುಲ್ಲಿನ ಎಸಳುಗಳು ಚೆಂಡಿಗಿಂತ ಮೊದಲು ಮುಖಕ್ಕೆ ಹಾರುತ್ತವೆ. ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಕ್ಯಾಡಿ "ಹೋಯ್ತು ಸಾರ್, ಚೆನ್ನಾಗ್ ಹೋಯ್ತು" ಎಂದಿರುತ್ತಾನೆ. ಹೈಬ್ರಿಡ್ಡಿಗೆ ಕೆಲವು ಕಂಪನಿಗಳು ರೆಸ್ಕ್ಯೂ ಎಂದು ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ಇದು ಮುದುಕರ ಊರುಗೋಲು ಎಂದು ಮೂಗು ಮುರಿಯುವ ಯುವಕರಿದ್ದಾರೆ. ಅಂಥವರಿಗೆ 2004ರ ಬ್ರಿಟಿಷ್ ಓಪನ್ ಕಥೆ ಹೇಳಬೇಕು. ರಾಯಲ್ ಟ್ರೂನ್‌ನಲ್ಲಿ ಟಾಡ್ ಹ್ಯಾಮಿಲ್ಟನ್ ಎಂಬ ಹೆಚ್ಚು ಹೆಸರಿಲ್ಲದ ಅಮೆರಿಕನ್ ಆಟಗಾರ ಎರ್ನಿ ಎಲ್ಸ್‌ನಂಥ ದೊಡ್ಡವನನ್ನು ನಾಲ್ಕು ಹೋಲ್‌ಗಳ ಪ್ಲೇಆಫ್‌ನಲ್ಲಿ ಸೋಲಿಸಿದ. ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ಅಂಚಿನಿಂದ ಮೆಲ್ಲಗೆ ಉರುಳಿಸಬೇಕಾದ ಚೆಂಡುಗಳಿಗೂ ಅವನು ಹೈಬ್ರಿಡ್ಡನ್ನೇ ಬಳಸಿದ್ದ. 2009ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ದಕ್ಷಿಣ ಕೊರಿಯಾದ ವೈ.ಇ. ಯಾಂಗ್ ಕೊನೆಯ ಹೋಲ್‌ಗೆ ಇನ್ನೂರಕ್ಕೂ ಹೆಚ್ಚು ಗಜದಿಂದ ಹೈಬ್ರಿಡ್ ಎತ್ತಿ, ಮರದ ಮೇಲಿಂದ ಹಾರಿಸಿ, ಚೆಂಡನ್ನು ಕುಳಿಯ ಹತ್ತಿರ ಕೂರಿಸಿದ. ಎದುರಿಗಿದ್ದವನು ಟೈಗರ್ ವುಡ್ಸ್. ಮೇಜರ್ ಟೂರ್ನಿಗಳಲ್ಲಿ ಕೊನೆಯ ದಿನ ಮುಂದಿದ್ದುಕೊಂಡು ಅಲ್ಲಿಯವರೆಗೆ ಒಮ್ಮೆಯೂ ಸೋಲದಿದ್ದ ವುಡ್ಸ್. ಮೇಜರ್ ಗೆದ್ದ ಏಷ್ಯಾದ ಮೊದಲ ಪುರುಷ ಯಾಂಗ್.

ಇವರಿಬ್ಬರಿಗಿಂತ ನನಗೆ ಹತ್ತಿರದವಳು ನಮ್ಮ ಬೆಂಗಳೂರಿನ ಅದಿತಿ ಅಶೋಕ್. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ದಿನಗಳಲ್ಲಿ ಬರ್ಡಿ ಯಾವುದು ಬೋಗಿ ಯಾವುದು ಎಂದು ತಿಳಿಯದವರೂ ಬೆಳಗಿನ ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂತಿದ್ದರು. ಆಕೆ ನಾಲ್ಕನೆಯವಳಾದಳು, ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಊರಿಗೆ ಊರೇ ಪದಕದ ಬಗ್ಗೆ ಮರುಗಿತು. ನಾನು ಬೇರೆಯದನ್ನು ನೋಡುತ್ತಿದ್ದೆ. ಟೀಯಿಂದ, ಅಂದರೆ ಮೊದಲ ಹೊಡೆತಕ್ಕೆ, ಆಕೆಯ ಚೆಂಡು ನೆಲ್ಲಿ ಕೋರ್ಡಾ ಮುಂತಾದವರ ಚೆಂಡಿಗಿಂತ ಎಷ್ಟೋ ಗಜ ಹಿಂದೆ ನಿಲ್ಲುತ್ತಿತ್ತು. ಅವರು ಗಿಡ್ಡ ಐರನ್ ತೆಗೆಯುವ ಹೊತ್ತಿಗೆ ಈಕೆ ಹೈಬ್ರಿಡ್ಡೋ ಫೇರ್‌ವೇ ವುಡ್ಡೋ ಹಿಡಿದು ನಿಂತಿರುತ್ತಿದ್ದಳು. ಹಾಗಿದ್ದೂ ಚೆಂಡು ಗ್ರೀನಿನ ಮೇಲೆ. ಆಮೇಲೆ ಚೆಂಡನ್ನು ಕುಳಿಗೆ ಉರುಳಿಸಲು ಆಕೆಯ ಪಟರ್ ಇದ್ದೇ ಇತ್ತು. ದೂರ ಹೋಗದವರು ಗಾಲ್ಫ್ ಆಡಬಾರದು ಎನ್ನುವವರಿಗೆ ಅದಕ್ಕಿಂತ ದೊಡ್ಡ ಉತ್ತರ ನಾನು ಕಂಡಿಲ್ಲ. ಅಷ್ಟು ದೊಡ್ಡ ವೇದಿಕೆಯಲ್ಲಿ, ಅಷ್ಟು ದೊಡ್ಡ ಆಟಗಾರ್ತಿ, ತನ್ನ ಚೆಂಡು ಎಷ್ಟು ದೂರ ಹೋಗುತ್ತದೋ ಅಷ್ಟಕ್ಕೆ ತಕ್ಕ ಬ್ಯಾಗು ಕಟ್ಟಿಕೊಂಡು ಬಂದಿದ್ದಳು. ನಮಗೇನು ಬಿಗುಮಾನ?

ಬಿಗುಮಾನ ಇದೆ, ಅದೇ ತೊಂದರೆ. ಅಂಗಡಿಗೆ ಹೋದಾಗ ಅದು ಹೊರಗೆ ಬರುತ್ತದೆ. "ಸರ್, ನಿಮ್ಮ ಏಳನೇ ಐರನ್ ಎಷ್ಟು ಹೋಗುತ್ತೆ?" ಎಂದು ಅಂಗಡಿಯ ಹುಡುಗ ಕೇಳುತ್ತಾನೆ. ಇದು ಡಾಕ್ಟರು "ದಿನಕ್ಕೆಷ್ಟು ಸಿಗರೇಟು?" ಎಂದು ಕೇಳಿದ ಹಾಗೆ, ಯಾರೂ ಸರಿಯಾದ ಸಂಖ್ಯೆ ಹೇಳುವುದಿಲ್ಲ. ಎಲ್ಲರೂ ನೂರೈವತ್ತು ಎನ್ನುತ್ತಾರೆ. ಹಿಂದೆ ಗಾಳಿ ಬೀಸಿ, ಮುಂದೆ ಇಳಿಜಾರು ಇದ್ದು, ನೆಲ ಬೇಸಿಗೆಯಲ್ಲಿ ಕಲ್ಲಾಗಿ ಚೆಂಡು ಪುಟಿದ ಒಂದು ದಿನದ ನೂರೈವತ್ತು ಅದು. ಹುಡುಗ ಆ ನೂರೈವತ್ತಕ್ಕೆ ತಕ್ಕಂತೆ 19 ಡಿಗ್ರಿಯ ಮೂರನೇ ಹೈಬ್ರಿಡ್ ಕೈಗಿಡುತ್ತಾನೆ. ತಪ್ಪು ಅವನದಲ್ಲ.

ನಮ್ಮ ನಾಲ್ವರ ಗುಂಪಿನಲ್ಲಿ ಎಲ್ಲರೂ ಅರವತ್ತರ ಆಚೀಚೆಯವರು. ನಿಜ ಹೇಳಬೇಕೆಂದರೆ ನನ್ನ ಏಳನೇ ಐರನ್ 130 ಗಜ, ಆರನೆಯದು 140. ಲೆಕ್ಕದ ಪ್ರಕಾರ ಐದನೆಯದು 150 ಹೋಗಬೇಕು. ಹೋಗುವುದಿಲ್ಲ. ಅದೂ 140ರ ಆಸುಪಾಸಿನಲ್ಲೇ ಬಿದ್ದು ಒದ್ದಾಡುತ್ತದೆ. ಹೈಬ್ರಿಡ್ ಎಲ್ಲಿಂದ ಶುರುವಾಗಬೇಕು ಎನ್ನುವುದಕ್ಕೆ ನನಗೆ ಗೊತ್ತಿರುವ ಒಂದೇ ನಂಬುಗೆಯ ಪರೀಕ್ಷೆ ಇದು. ಅಕ್ಕಪಕ್ಕದ ಎರಡು ಐರನ್‌ಗಳು ಒಂದೇ ದೂರ ಹೋಗತೊಡಗಿದವು ಎಂದರೆ ಅವೆರಡರಲ್ಲಿ ಉದ್ದನೆಯದು ನಿಮ್ಮ ಕೈ ಮೀರಿತು ಎಂದು ಅರ್ಥ. ಅದನ್ನೂ ಅದಕ್ಕಿಂತ ಉದ್ದನೆಯವನ್ನೂ ಹೈಬ್ರಿಡ್ಡಿಗೆ ಬಿಟ್ಟುಬಿಡಿ. ಕೆಲವರಿಗೆ ಅದು ನಾಲ್ಕನೇ ಐರನ್, ಕೆಲವರಿಗೆ ಐದು, ಅಜ್ಜಂದಿರಿಗೆ ಆರು. ನಾಚಿಕೆಪಡುವಂಥದ್ದೇನೂ ಇಲ್ಲ, ರಕ್ತದೊತ್ತಡದ ಸಂಖ್ಯೆಯಂತೆಯೇ ಇದೂ ಒಂದು ಸಂಖ್ಯೆ.

ನನ್ನ ಐದನೇ ವುಡ್ ಒಳ್ಳೆಯ ದಿನ 175 ಗಜ. ಆರನೇ ಐರನ್ 140. ನಡುವೆ ಮೂವತ್ತೈದು ಗಜ ಖಾಲಿ. ಮೈದಾನ ಕಟ್ಟುವವರಿಗೆ ಈ ಖಾಲಿ ಜಾಗ ಹೇಗೋ ಗೊತ್ತಾಗಿಬಿಟ್ಟಿರುತ್ತದೆ, ಎರಡನೇ ಹೊಡೆತಕ್ಕೆ ಸರಿಯಾಗಿ 160 ಗಜ ಉಳಿಯುವಂತೆ ಮಾಡಿರುತ್ತಾರೆ. ಮುಂದೆ ಒಂದು ನೀರಿನ ಗುಂಡಿ ಬೇರೆ. ಹೈಬ್ರಿಡ್ ಆಯ್ಕೆ ಎಂದರೆ ಈ ನೂರರವತ್ತಕ್ಕೆ ಉತ್ತರ ಹುಡುಕುವುದು. ತಳದ ಮೇಲೆ 3, 4, 5 ಎಂದು ಬರೆದಿರುವುದನ್ನು ನೋಡಿ ಕೊಳ್ಳುವುದಲ್ಲ. ಆ ನಂಬರನ್ನು ನಂಬಬಾರದು, ಅದರ ಪಕ್ಕದಲ್ಲಿ ಸಣ್ಣದಾಗಿ ಕೆತ್ತಿದ ಡಿಗ್ರಿಯನ್ನು ನಂಬಬೇಕು. ಒಂದು ಕಂಪನಿಯ ನಾಲ್ಕನೆಯದು ಇನ್ನೊಂದರ ಐದನೆಯದಕ್ಕೆ ಹತ್ತಿರವಿರಬಹುದು.

ಐರನ್‌ಗಳ ವಿಷಯದಲ್ಲಿ ಇನ್ನೂ ಒಂದು ಕಿತಾಪತಿ ನಡೆದಿದೆ. ಹಿಂದೆ ಏಳನೇ ಐರನ್ ಎಂದರೆ 34, 35 ಡಿಗ್ರಿ. ಈಗ ಹವ್ಯಾಸಿಗಳಿಗೆಂದು ಮಾಡುವ ಹೊಸ ಸೆಟ್ಟುಗಳಲ್ಲಿ ಅದು 30ಕ್ಕೆ, ಕೆಲವದರಲ್ಲಿ 28ಕ್ಕೆ ಇಳಿದಿದೆ. ಹಳೆಯ ಐದೂವರೆಗೆ ಏಳು ಎಂದು ಬರೆದು ಕೊಡುತ್ತಿದ್ದಾರೆ, ನಾವು ಹೊಸ ಸೆಟ್ಟು ಹದಿನೈದು ಗಜ ಹೆಚ್ಚು ಹೋಗುತ್ತದೆಂದು ಹಿಗ್ಗುತ್ತಿದ್ದೇವೆ. ಹಿಗ್ಗೋಣ, ಅಡ್ಡಿಯಿಲ್ಲ. ಆದರೆ ಆ ಸೆಟ್ಟಿನ ಐದನೇ ಐರನ್ 22, 23 ಡಿಗ್ರಿಗೆ ಬಂದು ಕೂತಿರುತ್ತದೆ. ಅದರ ಪಕ್ಕಕ್ಕೆ 22 ಡಿಗ್ರಿಯ "ನಾಲ್ಕನೇ" ಹೈಬ್ರಿಡ್ ತಂದಿಟ್ಟರೆ ಎರಡೂ ಒಂದೇ ಕೆಲಸಕ್ಕೆ ನಿಂತವು. ನಮ್ಮ ಗುಂಪಿನ ಇಂಜಿನಿಯರ್ ಮಹಾಶಯರು ಹೀಗೆಯೇ ತಂದಿಟ್ಟುಕೊಂಡು, ಯಾವುದನ್ನು ಹೊಡೆಯಬೇಕೆಂದು ಪ್ರತಿ ಸಲವೂ ಕ್ಯಾಡಿಯ ಮುಖ ನೋಡುತ್ತಾರೆ. ಹಾಗಾಗಿ ಮೊದಲು ನಿಮ್ಮ ಐರನ್‌ಗಳ ಲಾಫ್ಟ್ ಪಟ್ಟಿ ಬರೆದುಕೊಳ್ಳಿ, ಕಂಪನಿಯವರು ಅದನ್ನು ಪ್ರಕಟಿಸಿರುತ್ತಾರೆ. ಇಟ್ಟುಕೊಳ್ಳುವ ಕೊನೆಯ ಐರನ್ನಿಗಿಂತ ನಾಲ್ಕು ಡಿಗ್ರಿ ಕಡಿಮೆ ಇರುವ ಹೈಬ್ರಿಡ್ಡಿನಿಂದ ಹುಡುಕಾಟ ಶುರುಮಾಡಿ. ಹಿಡಿಯೂ ಒಂದಿಷ್ಟು ಉದ್ದವಿರುವುದರಿಂದ ಹತ್ತು ಹನ್ನೆರಡು ಗಜದ ಅಂತರ ತಾನಾಗಿ ಸಿಗುತ್ತದೆ.

ಎಷ್ಟು ಬೇಕಾದರೂ ಕೊಳ್ಳಬಹುದು, ಆದರೆ ಮೈದಾನಕ್ಕೆ ಒಯ್ಯುವಂತಿರುವುದು ಹದಿನಾಲ್ಕೇ. ಅಮೆರಿಕದಲ್ಲಿ 1938ರಿಂದ, ಬ್ರಿಟನ್ನಿನಲ್ಲಿ 1939ರಿಂದ ಈ ನಿಯಮವಿದೆ. ಅದಕ್ಕೂ ಮೊದಲು ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬು ಹೇರಿಕೊಂಡು ಬರುವವರಿದ್ದರು, ಹೊರುವ ಕ್ಯಾಡಿಗಳ ಗತಿ ದೇವರಿಗೇ ಪ್ರೀತಿ. ಈಗ ಒಂದು ಹೆಚ್ಚಾದರೆ ಹೋಲ್‌ಗೆ ಎರಡು ಹೊಡೆತದ ದಂಡ. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಮೊದಲ ಹೋಲ್‌ನಲ್ಲೇ ಬರ್ಡಿ ಮಾಡಿ ಎರಡನೇ ಟೀಗೆ ಬಂದಾಗ ಬ್ಯಾಗಿನಲ್ಲಿ ಎರಡು ಡ್ರೈವರುಗಳು, ಅಂದರೆ ಎಲ್ಲಕ್ಕಿಂತ ಉದ್ದದ ವುಡ್‌ಗಳು, ಇರುವುದು ಗೊತ್ತಾಯಿತು. ಹದಿನೈದು! ಪ್ರಾಕ್ಟೀಸಿಗೆಂದು ತಂದದ್ದನ್ನು ತೆಗೆಯಲು ಮರೆತಿದ್ದರು. ಸಿಟ್ಟಿನಿಂದ ಅದನ್ನು ಕಿತ್ತು ನೆಲಕ್ಕೆಸೆದ. ಎರಡು ಹೊಡೆತ ಹೋದದ್ದು ಹೋಯಿತು. ಕೊನೆಗೆ ಮೂರನೇ ಸ್ಥಾನವನ್ನು ಹಲವರ ಜೊತೆ ಹಂಚಿಕೊಂಡ. ಆದ್ದರಿಂದ ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಲೇಬೇಕು. ಅಂಗಡಿಯಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ.

ಎಲ್ಲರಿಗೂ ಹೈಬ್ರಿಡ್ ಹೊಂದುತ್ತದೆ ಎಂದರೆ ಅದೂ ಸುಳ್ಳು. ನಮ್ಮ ಡಾಕ್ಟರ ಚೆಂಡು ಮೊದಲಿನಿಂದಲೂ ಎಡಕ್ಕೆ ಎಳೆಯುತ್ತದೆ, ಹುಕ್. ಹೈಬ್ರಿಡ್‌ನ ರಚನೆಯಲ್ಲೇ ಎಡಕ್ಕೆ ಒಂದು ಒಲವಿದೆ. ಅನೇಕ ಮಾದರಿಗಳಲ್ಲಿ ಮುಖವನ್ನು ಹಿಡಿಗಿಂತ ಸ್ವಲ್ಪ ಹಿಂದಿಟ್ಟು, ತಲೆಯನ್ನು ನೆಟ್ಟಗೆ ನಿಲ್ಲಿಸಿ, ಬಲಕ್ಕೆ ಜಾರುವವರಿಗೆ ನೆರವಾಗಲೆಂದು ಮಾಡಿರುತ್ತಾರೆ. ಬಲಕ್ಕೆ ಜಾರುವ ನನ್ನಂಥವನಿಗೆ ಅದು ವರ. ಡಾಕ್ಟರಿಗೆ ಮಾತ್ರ ಚೆಂಡು ಪಕ್ಕದ ಫೇರ್‌ವೇಗೆ ಹೋಗಿ ಅಲ್ಲಿ ಆಡುತ್ತಿದ್ದವರ ಪರಿಚಯ ಮಾಡಿಕೊಂಡು ಬರುತ್ತಿತ್ತು. ಅವರಂಥವರು ಮುಖ ಹಿಂದೆ ಸರಿಯದ, ಸಣ್ಣ ತಲೆಯ ಮಾದರಿ ನೋಡಬೇಕು, ಇಲ್ಲವೇ ಐರನ್ನಿನ ಆಕಾರದಲ್ಲೇ ಇರುವ ಟೊಳ್ಳು ತಲೆಯ ಯುಟಿಲಿಟಿ ಐರನ್‌ಗೆ ಹೋಗಬೇಕು. ಇನ್ನು ಚೆಂಡಿನ ಕೆಳಗಿನ ಹುಲ್ಲು ಕೀಳದೆ ಗುಡಿಸಿದಂತೆ ಹೊಡೆಯುವವರಿದ್ದಾರೆ. ಅವರಿಗೆ ಏಳನೇ ವುಡ್ ವಾಸಿ. ಸುಮಾರು 21 ಡಿಗ್ರಿ, ಚೆಂಡು ಬಹಳ ಎತ್ತರ ಹೋಗಿ ಗ್ರೀನಿನ ಮೇಲೆ ಮೆತ್ತಗೆ ಇಳಿಯುತ್ತದೆ. ಹೈಬ್ರಿಡ್ ಬಯಸುವುದು ಐರನ್ನಿನಂತೆ ಮೇಲಿನಿಂದ ಕೆಳಗೆ ಇಳಿಯುವ ಹೊಡೆತವನ್ನು. ನೋಡಲು ವುಡ್ಡಿನ ಹಾಗಿದೆಯೆಂದು ಗುಡಿಸಲು ಹೋದವರು ಚೆಂಡಿನ ನೆತ್ತಿ ಹೊಡೆದು ಕ್ಲಬ್ಬನ್ನು ಬಯ್ಯುತ್ತಾರೆ.

ಶಾಫ್ಟಿನ, ಅಂದರೆ ಹಿಡಿಯ, ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ, ನಾನು ನಾಲ್ಕು ಸಾಲಿನಲ್ಲಿ ಮುಗಿಸುತ್ತೇನೆ. ಡ್ರೈವರಿನ ಗ್ರಾಫೈಟ್ ಶಾಫ್ಟ್ ಐವತ್ತು ಅರವತ್ತು ಗ್ರಾಂ, ಸ್ಟೀಲ್ ಐರನ್ನಿನದು ನೂರರ ಮೇಲೆ. ಹೈಬ್ರಿಡ್ಡಿನದು ನಡುವೆ ಎಲ್ಲೋ ಎಪ್ಪತ್ತು ಎಂಬತ್ತರಲ್ಲಿದ್ದರೆ ಕೈಗೆ ಗೊಂದಲವಾಗುವುದಿಲ್ಲ. ಐರನ್‌ಗಳೇ ಗ್ರಾಫೈಟ್ ಆಗಿದ್ದರೆ ಇದೂ ಹಗುರವಾಗಲಿ. ಬಿಗುವಿನಲ್ಲಿ ಎಸ್ ಎಂದು ಬರೆದದ್ದು ಗಟ್ಟಿ, ಆರ್ ಸಾಧಾರಣ, ಎ ಎಂದರೆ ಹಿರಿಯರದು. ಎ ಎನ್ನುವುದನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಆಡುವವರನ್ನು ಬಲ್ಲೆ.

ಊರಿನ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ ಊರ ನಡುವೆ ಇಕ್ಕಟ್ಟಿನಲ್ಲಿದೆ, ಅಲ್ಲಿ ದೂರಕ್ಕಿಂತ ನೇರ ಮುಖ್ಯ. ಟೀಯಿಂದಲೂ ಡ್ರೈವರ್ ಬಿಟ್ಟು ಹೈಬ್ರಿಡ್ ಹೊಡೆಯುವುದು ಅಲ್ಲಿ ಹೇಡಿತನವಲ್ಲ. ಕೊಡಗಿನ ಏರಿಳಿತಗಳಲ್ಲಿ ಎರಡು ಪಾದ ಒಂದೇ ಮಟ್ಟದಲ್ಲಿ ನಿಂತರೆ ಅದೃಷ್ಟ. ಅಲ್ಲಿ ಗಿಡ್ಡ ಹಿಡಿಯ 25, 26 ಡಿಗ್ರಿಯದು ಹೆಚ್ಚು ಮಾತು ಕೇಳುತ್ತದೆ. ಆಷಾಢದ ಎದುರುಗಾಳಿಗೆ ಹೈಬ್ರಿಡ್ ಎತ್ತಿದ ಚೆಂಡು ಮೇಲೇರಿ ನಿಂತು ಹಿಂದಕ್ಕೇ ಬಂದಂತೆ ಕಾಣುತ್ತದೆ, ಇದು ಅದರ ದೊಡ್ಡ ಕೊರತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ತೆಳು ಗಾಳಿಯಲ್ಲಿ ಚೆಂಡು ಸ್ವಲ್ಪ ಹೆಚ್ಚು ಹೋಗುತ್ತದೆ. ಇಲ್ಲಿಯ ನೂರರವತ್ತನ್ನು ನಂಬಿಕೊಂಡು ಚೆನ್ನೈಗೆ ಆಡಲು ಹೋದರೆ ಐದಾರು ಗಜ ಕಡಿಮೆ ಬಿದ್ದು ಮರಳಗುಂಡಿಯಲ್ಲಿ ಕೂರುತ್ತದೆ.

ಪರೀಕ್ಷೆ ಮಾಡುವಾಗ ಅಂಗಡಿಯ ಹಸಿರು ಮ್ಯಾಟಿನ ಮೇಲೆ ಹೊಡೆದು ನಿರ್ಧರಿಸಬೇಡಿ. ಮ್ಯಾಟು ದೊಡ್ಡ ಮೋಸಗಾರ. ಎರಡು ಇಂಚು ಹಿಂದೆ ನೆಲಕ್ಕೆ ತಾಗಿದರೂ ತಲೆ ಜಾರಿಕೊಂಡು ಹೋಗಿ ಚೆಂಡಿಗೆ ಬಡಿಯುತ್ತದೆ, ಪರದೆಯ ಮೇಲೆ ಒಳ್ಳೆಯ ಸಂಖ್ಯೆ ಬರುತ್ತದೆ. ಹುಲ್ಲಿನ ಮೇಲಾದರೆ ಅದೇ ಹೊಡೆತ ಅಂಗೈಯಗಲ ಮಣ್ಣೆತ್ತಿ ಚೆಂಡನ್ನು ಅಲ್ಲೇ ಬಿಡುತ್ತಿತ್ತು. ಡೆಮೊ ಕ್ಲಬ್ ಕೇಳಿ ಪಡೆಯಿರಿ, ಸಿಗದಿದ್ದರೆ ಜೊತೆಯವರದು ಎರವಲು ಪಡೆಯಿರಿ. ಮೈದಾನದಲ್ಲಿ, ಒಮ್ಮೆ ಒಳ್ಳೆಯ ಹುಲ್ಲಿನಿಂದ, ಒಮ್ಮೆ ರಫ್‌ನಿಂದ, ಒಮ್ಮೆ ಬೇಸಿಗೆಯ ಬೋಳು ನೆಲದಿಂದ ಹೊಡೆದು ನೋಡಿ. ಅತಿ ಒಳ್ಳೆಯದನ್ನು ಬಿಟ್ಟುಬಿಡಿ, ಅದು ಯಾವ ಕ್ಲಬ್ಬಿನಿಂದಲೂ ಬರುತ್ತದೆ. ನಡುಮಧ್ಯದ ಹೊಡೆತಗಳು ಎಲ್ಲಿ ಬಿದ್ದವು ಎಂದು ನೋಡಿ.

ಅದಕ್ಕೂ ಸರಿಯಾದ ಸಾಕ್ಷಿ ನಿಮ್ಮ ಕ್ಯಾಡಿ. ನಾವು ಬಿಗುಮಾನದಿಂದ ಸೇರಿಸಿಕೊಂಡ ಹತ್ತು ಗಜವನ್ನು ಅವನು ಮೊದಲ ಮೂರು ಹೋಲ್‌ಗಳಲ್ಲೇ ಕಳೆದಿರುತ್ತಾನೆ. ಬಿಡದಿ ಕಡೆಯ ಹಳ್ಳಿಯ ಆಟಗಾರ ಚಿಕ್ಕರಂಗಪ್ಪ, ಗಾಲ್ಫ್ ಮೈದಾನದಲ್ಲಿ ಬೇರೆಯವರ ಚೆಂಡು ಎಲ್ಲಿ ಬಿತ್ತೆಂದು ನೋಡುತ್ತಲೇ ಆಟ ಕಲಿತು ಏಷ್ಯನ್ ಟೂರ್ ಮಟ್ಟಕ್ಕೆ ಏರಿದವರು. ಚೆಂಡು ಬೀಳುವ ಜಾಗವನ್ನು ದಿನವೂ ನೋಡುವ ಕಣ್ಣಿಗೆ ತಪ್ಪುವುದು ಕಡಿಮೆ. ನಾನು ಕೇಳಿದಾಗ ನಮ್ಮ ಕ್ಯಾಡಿ ಯೋಚಿಸಲೂ ಇಲ್ಲ: "ಸಾರ್, ನಿಮ್ಗೆ ಇಪ್ಪತ್ಮೂರು ಒಂದು, ಇಪ್ಪತ್ತಾರು ಒಂದು. ಐದು ಐರನ್ ಮನೇಲಿಡಿ." ಈಗ ಬ್ಯಾಗಿನಲ್ಲಿ ಅವೆರಡೇ ಇವೆ, ಇಪ್ಪತ್ತಮೂರು ಡಿಗ್ರಿಯದು ನನಗೆ 160 ಗಜ, ಇಪ್ಪತ್ತಾರರದು 150. ನೀವೂ ಕೊಳ್ಳಲು ಹೊರಡುವ ಮುಂಚೆ ನಿಮ್ಮ ಕ್ಯಾಡಿಗೆ ಒಂದು ಟೀ ಕುಡಿಸಿ, ನಿಮ್ಮ ಐದನೇ ಐರನ್ ನಿಜಕ್ಕೂ ಎಷ್ಟು ಹೋಗುತ್ತದೆ ಎಂದು ಕೇಳಿ. ಅವನು ಹೇಳಿದ ಸಂಖ್ಯೆಯ ಜೊತೆ ಚೌಕಾಸಿ ಮಾಡಬೇಡಿ.